ಬೇವಿನ ನೆರಳಿಗೆ ಇಪ್ಪತ್ತು ಹುಣಸೆ ಬೀಜ

ಸಿಂದಗಿಯ ಗುಂಡವ್ವ ಯಾರನ್ನೂ ನಂಬಿದವಳಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದಾದ ಮೇಲೆ, "ಪುಕ್ಕಟೆ ಯಾರು ಒಯ್ತಾರವ್ವಾ?" ಎಂದು ಕಂಡಕ್ಟರ್ ಕೊಟ್ಟ ಚೀಟಿಯನ್ನು ಸಂಜೆಯವರೆಗೂ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿರುತ್ತಿದ್ದಳು. ಸೊಸೆ ಸುವರ್ಣಾ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದರೆ, ಇವಳಿಗೆ ತವರಿಗೆ ಹೋಗುವುದಿದೆ ಎಂದುಕೊಳ್ಳುತ್ತಿದ್ದಳು. ಅವಳ ಅನುಮಾನ ಬಹಳ ಸಲ ಸುಳ್ಳಾಗುತ್ತಿತ್ತು. ನಿಜವಾದದ್ದನ್ನು ಮಾತ್ರ ಅವಳು ವರ್ಷಗಟ್ಟಲೆ ನೆನಪಿಡುತ್ತಿದ್ದಳು.

ವಾರಕ್ಕೊಮ್ಮೆ ವೀಳ್ಯದೆಲೆಯ ಬುಟ್ಟಿ ಹೊತ್ತು ದೇವರ ಹಿಪ್ಪರಗಿಯ ಸಂತೆಗೆ ಹೋಗುವುದು ಅವಳ ದಂಧೆ. ಅವಳು ಕೂಡ್ರುವ ಸಾಲಿನಲ್ಲಿ ಇದ್ದದ್ದು ಒಂದೇ ಬೇವಿನ ಗಿಡ, ಅದರ ನೆರಳು ಒಬ್ಬರಿಗೆ ಸಾಲುವಷ್ಟು. ಬಿಸಿಲಿಗೆ ಕೂತರೆ ಎಲೆ ಮಧ್ಯಾಹ್ನದೊಳಗೆ ಬಾಡುತ್ತಿತ್ತು. ಬಾಡಿದ ಎಲೆಯನ್ನು ಎಮ್ಮೆಯೂ ಮೂಸಿ ಬಿಡುತ್ತದೆ. ಅದೇ ನೆರಳಿನ ಮೇಲೆ ಇಂಡಿಯಿಂದ ಲಿಂಬೆ ತರುವ ಸೈದಾಬಿಗೂ ಕಣ್ಣು. ಒಂದು ದಿನ ಇಬ್ಬರೂ ಬುಟ್ಟಿ ಜಗ್ಗಾಡುವಾಗ ಎದುರಿನ ಚಹಾ ಅಂಗಡಿಯ ಪರಮಾನಂದನ ಹಾಲಿನ ಪಾತ್ರೆ ಉರುಳಿತು. ಅವನು ಸಿಟ್ಟಿನಲ್ಲಿ ಒಂದು ಕಟ್ಟಳೆ ಮಾಡಿದ.

ಪ್ರತಿ ಸಂತೆಗೆ ಅವನೇ ಇಪ್ಪತ್ತು ಹುಣಸೆ ಬೀಜ ಗುಡ್ಡೆ ಹಾಕಬೇಕು. ಇಬ್ಬರೂ ಸರದಿಯಂತೆ ಎತ್ತಬೇಕು. ಒಂದು ಸಲಕ್ಕೆ ಒಂದಕ್ಕಿಂತ ಕಡಿಮೆಯಿಲ್ಲ, ನಾಲ್ಕಕ್ಕಿಂತ ಹೆಚ್ಚಿಲ್ಲ. ಕೊನೆಯ ಬೀಜ ಎತ್ತಿದವಳಿಗೆ ಆ ದಿನದ ನೆರಳು.

"ಮೊದಲ ಯಾರು ಎತ್ತಬೇಕು?" ಎಂದು ಅವನು ಕೇಳಿದ್ದ.

"ಹಿರ್ಯಾರು ಇರಾಗ ಸಣ್ಣಾರು ಕೈ ಹಾಕ್ತಾರೇನು?" ಎಂದಿದ್ದಳು ಗುಂಡವ್ವ.

"ಹೌದ ಮತ್ತ. ಅಕ್ಕಾ, ನೀವ ಮೊದಲ ತಗೋರಿ," ಎಂದಿದ್ದಳು ಸೈದಾಬಿ.

ಅಂದಿನಿಂದ ಗುಂಡವ್ವ ಆಗೊಮ್ಮೆ ಈಗೊಮ್ಮೆ ಗೆದ್ದಳು. ಕೆಲವು ವಾರಗಳಾದ ಮೇಲೆ ಅದೂ ನಿಂತುಹೋಯಿತು.

ಸೈದಾಬಿ ಬೀಜಕ್ಕೆ ಮಂತ್ರ ಹಾಕಿಸಿದ್ದಾಳೆಂದು ಗುಂಡವ್ವ ತನ್ನ ಮನೆಯ ಬೀಜ ತಂದಳು, ಸೋತಳು. ಕುಪ್ಪಸದ ತೋಳಿನಲ್ಲಿ ಬೀಜ ಅಡಗಿಸುತ್ತಾಳೆಂದು ತೋಳು ಮಡಚಿಸಿದಳು; ಸೋತಳು. ಪರಮಾನಂದ ಲಿಂಬೆ ಶರಬತ್ತಿನ ಆಸೆಗೆ ಬೀಜ ತಪ್ಪಿ ಎಣಿಸುತ್ತಾನೆಂದು ತಾನೇ ಎಣಿಸಿದಳು. ಇಪ್ಪತ್ತೇ ಇದ್ದವು. ಮತ್ತೆ ಸೋತಳು.

"ಅನುಮಾನದ ಅಂಗಡಿ ಇಡ್ರಿ ಅಕ್ಕಾರ, ಎಲಿಗಿಂತ ಚಲೋ ನಡೀತೈತಿ," ಎಂದ ಪರಮಾನಂದ.

"ನಿನ್ನ ಚಹಾದಾಗಿನ ನೀರಿನ ಸುದ್ದಿ ಮೊದಲ ಮಾರ್ತೇನಿ, ಸುಮ್ಮನ ಕೂಡು."

ಯುಗಾದಿ ಸಮೀಪಿಸಿತು, ಬಿಸಿಲು ಏರಿತು. ಇನ್ನೆರಡು ಸಂತೆ ಹೀಗೇ ಸೋತರೆ ಗುಂಡವ್ವ ಈ ಸಂತೆಯನ್ನೇ ಬಿಡಬೇಕಿತ್ತು. ಗೋಡೆಯ ಬದಿಯ ಸುಡುವ ಕಲ್ಲಿನ ಮೇಲೆ ಕೂತು, ಎಲೆಗೆ ಒದ್ದೆ ಗೋಣಿ ಹೊದಿಸಿ, ಅವಳು ಸೈದಾಬಿಯ ಕೈಯನ್ನೇ ನೋಡತೊಡಗಿದಳು. ಏನೋ ಅಡಗಿಸುವ ಕೈ ಒಮ್ಮೆಯಾದರೂ ತಪ್ಪುತ್ತದೆ ಎಂಬುದು ಅವಳ ಲೆಕ್ಕ.

ಕೈ ಏನನ್ನೂ ಅಡಗಿಸಲಿಲ್ಲ. ಸೈದಾಬಿ ಲಿಂಬೆಯನ್ನು ಐದೈದಾಗಿ ಮಾರುತ್ತಿದ್ದಳು. ಗಿರಾಕಿ ತಾನೇ ಮೂರು ಆರಿಸಿಕೊಂಡರೆ ಅವಳು ಎರಡು ಸೇರಿಸುವಳು. ಅವನು ಒಂದು ಎತ್ತಿದರೆ ಅವಳು ನಾಲ್ಕು. ಮಾತು ಎಲ್ಲೋ, ಕಣ್ಣು ಎಲ್ಲೋ, ಕೈ ಮಾತ್ರ ಐದನ್ನು ತುಂಬಿಸುತ್ತಿತ್ತು. ಗುಂಡವ್ವನಿಗೆ ಬೆಳಗಿನ ಆಟ ನೆನಪಾಯಿತು. ತಾನು ಎರಡು ಎತ್ತಿದಾಗ ಅವಳು ಮೂರು. ತಾನು ನಾಲ್ಕು ಎತ್ತಿದಾಗ ಅವಳು ಒಂದು. ಇಪ್ಪತ್ತೆಂದರೆ ನಾಲ್ಕು ಸಲ ಐದು. ಪ್ರತಿ ಐದನ್ನೂ ಒಡೆಯುವವಳು ತಾನು, ಮುಗಿಸುವವಳು ಅವಳು. ಮೊದಲು ಕೈ ಹಾಕಿದವಳಿಗೆ ಕೊನೆಯ ಬೀಜ ಸಿಗುವ ದಾರಿಯೇ ಇರಲಿಲ್ಲ.

ಲೋಕವನ್ನೆಲ್ಲ ಅನುಮಾನಿಸಿದ ಹೆಂಗಸು ತನ್ನ ಹಿರಿತನವೊಂದನ್ನು ಪರೀಕ್ಷಿಸದೆ ಬಿಟ್ಟಿದ್ದಳು. ಮರ್ಯಾದೆಯ ಹೆಸರಿನಲ್ಲಿ ಕೊಟ್ಟದ್ದನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ಮನೆಗೆ ಬಂದವಳೇ ಸುವರ್ಣಾಳನ್ನು ಕೂಡಿಸಿ, ಮೊದಲು ಎತ್ತಲು ಹೇಳಿ, ಆಡಿದಳು. ಗೆದ್ದಳು. ಇನ್ನೊಮ್ಮೆ ಆಡಿದಳು. ಗೆದ್ದಳು.

"ಬೇಕಂತ ಸೋಲಾಕತ್ತೀಯೇನು? ತವರಿಗೆ ಹೋಗೂದೈತೇನು?"

"ಅತ್ತೀ, ಗೆದ್ರೂ ಬೈತೀರಲ್ರಿ!" ಎಂದು ಸುವರ್ಣಾ ಎದ್ದುಹೋದಳು.

ಮುಂದಿನ ಸಂತೆಯ ದಿನ ಪರಮಾನಂದ ಬೀಜ ಸುರಿದ. ಗುಂಡವ್ವ ಸೆರಗು ಹೊದ್ದು ಹಿಂದೆ ಸರಿದಳು. "ಸೈದಾಬಿ, ನೀನ ಎತ್ತು. ಹಿರ್ಯಾಕಿ, ಹಿರ್ಯಾಕಿ ಅಂತ ಬರೇ ನಾನ ಎಷ್ಟಂತ ಮುಪ್ಪಾಗ್ಲಿ? ಇವತ್ತ ನಾ ಸಣ್ಣಾಕಿ."

ಸೈದಾಬಿಯ ಕೈ ಗುಡ್ಡೆಯ ಮೇಲೆಯೇ ನಿಂತಿತು. ಅವಳು ಗುಂಡವ್ವನ ಮುಖ ನೋಡಿದಳು. ಆಮೇಲೆ ನಕ್ಕಳು. "ಆಗ್ಲಿ ಅಕ್ಕಾ. ಆದ್ರ ನಾ ಹಿರ್ಯಾಕಿ ಅಂದ ಮ್ಯಾಲ ನನಗ ಒಂದು ಕೊಸರು ಬ್ಯಾಡೇನು? ನಾ ಐದು ಲಿಂಬಿಗೆ ಒಂದು ಕೊಸರು ಕೊಡಾಂಗಿಲ್ಲೇನು? ಪರಮಾನಂದ, ಒಂದು ಬೀಜ ಮ್ಯಾಲ ಹಾಕೋ."

ಸಂತೆಯಲ್ಲಿ ಕೊಸರು ಕೇಳಿದರೆ ಇಲ್ಲ ಎನ್ನುವವರುಂಟೇ? ಪರಮಾನಂದ ಇನ್ನೊಂದು ಬೀಜ ಹಾಕಿದ. ಗುಂಡವ್ವ ಗುಡ್ಡೆಯನ್ನು ದಿಟ್ಟಿಸಿದಳು. ನಾಲ್ಕು ಐದು, ಮೇಲೊಂದು. ಆ ಒಂದನ್ನು ಸೈದಾಬಿ ಎತ್ತಿಕೊಂಡರೆ ಉಳಿಯುವುದು ಮತ್ತೆ ಇಪ್ಪತ್ತು, ಕೈ ಹಾಕಬೇಕಾದವಳು ಮತ್ತೆ ತಾನು.

ಸೈದಾಬಿಯ ಬೆರಳು ಇಳಿಯುವಷ್ಟರಲ್ಲಿ ಗುಂಡವ್ವ ಅವಳ ಮಣಿಕಟ್ಟು ಹಿಡಿದಳು.

"ತಡೀ. ಕೊಸರು ಹಿರ್ಯಾಕಿದಂದ್ರ ಅದು ನಂದು."

"ಈಗರೆ ಸಣ್ಣಾಕಿ ಅಂದ್ರಲ್ರೀ!" ಎಂದ ಪರಮಾನಂದ.

"ನನ್ನ ಮೊಮ್ಮಗಳ ಲಗ್ನ ಆಗೇತಿ. ಈಕಿ ಮಗಳಿಗೇ ಇನ್ನೂ ವರ ನೋಡಾಕತ್ತಾರ. ಯಾರು ಹಿರ್ಯಾಕಿ? ಸಂತಿಗೆಲ್ಲ ಗೊತ್ತೈತಿ, ಕೇಳು."

ಸೈದಾಬಿ ಕೈ ಹಿಂದೆ ತೆಗೆದುಕೊಂಡಳು. ಮೊದಲ ವಾರದಿಂದ 'ಅಕ್ಕಾ' ಎಂದವಳು ಅವಳೇ. ಗುಂಡವ್ವ ಒಂದೇ ಒಂದು ಬೀಜ ಎತ್ತಿ ಮಡಿಲಿಗೆ ಹಾಕಿಕೊಂಡಳು. ಸೈದಾಬಿ ಮೂರು ಎತ್ತಿದಳು, ಗುಂಡವ್ವ ಎರಡು. ಸೈದಾಬಿ ಒಂದು, ಗುಂಡವ್ವ ನಾಲ್ಕು. ಆಮೇಲೆ ಇಬ್ಬರೂ ನಿಧಾನಿಸಲಿಲ್ಲ. ಮುಗಿದ ಮಾತನ್ನು ಮುಗಿಸುವವರಂತೆ ಆಡಿದರು. ಕೊನೆಯ ಬೀಜ ಗುಂಡವ್ವನ ಕೈಯಲ್ಲಿತ್ತು.

ಸೈದಾಬಿ ಬುಟ್ಟಿಯನ್ನು ಗೋಡೆಯ ಬದಿಗೆ ಎಳೆದುಕೊಂಡಳು. ಗುಂಡವ್ವ ಬೇವಿನ ಬುಡದಲ್ಲಿ ಗೋಣಿ ಹಾಸಿ, ಎಲೆಗೆ ನೀರು ಚಿಮುಕಿಸಿದಳು. ಆಚೆಯಿಂದ ಸೈದಾಬಿ ಕೂಗಿದಳು: "ಅಕ್ಕಾ, ಮುಂದಿನ ವಾರ ಹಿರ್ಯಾಕಿ ಯಾರು?"

ಗುಂಡವ್ವ ತಲೆ ಎತ್ತಲಿಲ್ಲ.

"ಬೀಜ ಎಣಿಸಿದ ಮ್ಯಾಲ ಹೇಳ್ತೇನಿ."