ಬಂಪರ್ ಮೇಲೆ ಕೂರುವ ಕಾಕಾ

ಚಿಕ್ಕೋಡಿಯ ಒಂದು ಐಟಿಐಯಲ್ಲಿ ನಾನು ಟ್ರ್ಯಾಕ್ಟರ್ ರಿಪೇರಿ ಕಲಿಸುತ್ತೇನೆ. ಪ್ರತಿವರ್ಷ ಮೊದಲ ದಿನವೇ ಹಲಗೆಯ ಮೇಲೆ ನಿತ್ಯ ತಪಾಸಣೆಯ ಪಟ್ಟಿ ಬರೆಯುತ್ತೇನೆ: ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಟೈರಿನ ಗಾಳಿ, ಚಕ್ರದ ನಟ್ಟು, ಎರಡು ಬ್ರೇಕ್ ಪೆಡಲ್‌ಗಳನ್ನು ಕೂಡಿಸುವ ಕೊಂಡಿ. ಕೊನೆಯ ಸಾಲು, 'ಚಾಲಕನನ್ನು ಬಿಟ್ಟು ಟ್ರ್ಯಾಕ್ಟರ್ ಮೇಲೆ ಯಾರೂ ಕೂರಬಾರದು'. ಈ ಸಾಲನ್ನು ಮಾತ್ರ ಸಣ್ಣ ಅಕ್ಷರದಲ್ಲಿ ಬರೆದು, ಯಾರಾದರೂ ಪ್ರಶ್ನೆ ಕೇಳುವ ಮೊದಲೇ ಅಳಿಸಿಬಿಡುತ್ತಿದ್ದೆ. ಯಾಕೆಂದರೆ ಉಗಾರದ ಹತ್ತಿರದ ನಮ್ಮ ಊರಿನಲ್ಲಿ, ನಮ್ಮದೇ ಟ್ರ್ಯಾಕ್ಟರಿನ ಮುಂದಿನ ಬಂಪರ್ ಮೇಲೆ ನಮ್ಮ ಕಾಕಾ ಕೂರುತ್ತಿದ್ದ.

ಕಾಕಾ ಅಲ್ಲಿ ಗಾಳಿ ಸೇವನೆಗೆ ಕೂರುತ್ತಿರಲಿಲ್ಲ. ಅದು ಅವನ ಹುದ್ದೆ. ನಮ್ಮ ಕಬ್ಬಿನ ಹೊಲ ಕೃಷ್ಣೆಯ ದಂಡೆಯಲ್ಲಿದೆ. ಅಲ್ಲಿಂದ ಡಾಂಬರು ರಸ್ತೆಗೆ ಬರಬೇಕಾದರೆ ಕಡಿದಾದ ಏರು ಹತ್ತಬೇಕು. ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು ಕಟ್ಟಿಕೊಂಡು ಏರು ಹತ್ತುವಾಗ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟು ಮೇಲೇಳುತ್ತವೆ. ಅದಕ್ಕೆ ಎರಡು ಪರಿಹಾರಗಳಿವೆ. ಕಬ್ಬು ಕಡಿಮೆ ಹೇರಬೇಕು, ಇಲ್ಲವೇ ಮುಂದೆ ಕಬ್ಬಿಣದ ತೂಕ ಕಟ್ಟಬೇಕು. ಕಡಿಮೆ ಹೇರುವುದು ನಮ್ಮ ಭಾಗದಲ್ಲಿ ಮರ್ಯಾದೆಯ ಪ್ರಶ್ನೆ. ಕಬ್ಬಿಣಕ್ಕೆ ಚಿಕ್ಕೋಡಿಗೆ ಹೋಗಬೇಕು. ಕಾಕಾ ಮನೆಯಲ್ಲೇ ಇದ್ದ.

ಅವನು ಅಪ್ಪನ ತಮ್ಮ, ಮದುವೆಯಾಗಿರಲಿಲ್ಲ, ಒಳ್ಳೆಯ ಗಾತ್ರದ ಮನುಷ್ಯ. ಜೀವನವೆಲ್ಲ ಎತ್ತುಗಳ ಹಿಂದೆ ತಿರುಗಿದವನು. ಎತ್ತು ಮಾರಿ ಟ್ರ್ಯಾಕ್ಟರ್ ತಂದ ದಿನ ಅವನಿಗೆ ಕೆಲಸವೇ ಇಲ್ಲದಂತಾಯಿತು. ಕೆಲವು ತಿಂಗಳು ಖಾಲಿ ಕೊಟ್ಟಿಗೆಯ ಕಸ ಗುಡಿಸುತ್ತಿದ್ದ. ಅಷ್ಟರಲ್ಲಿ ಒಂದು ದಿನ ಏರಿನಲ್ಲಿ ಗಾಲಿ ಎದ್ದಿತು, ಗಾಡಿ ನಡೆಸುತ್ತಿದ್ದ ನಮ್ಮ ಅಣ್ಣ ಗಾಬರಿಯಿಂದ 'ಕಾಕಾ, ಮುಂದ ಕುಂದ್ರ ಬಾ' ಎಂದು ಕೂಗಿದ, ಕಾಕಾ ಹೋಗಿ ಕೂತ, ಗಾಲಿ ಇಳಿಯಿತು. ಅಂದಿನಿಂದ ಅವನು ಮತ್ತೆ ದುಡಿಯುವ ಮನುಷ್ಯನಾದ. ಕೂರಲು ಒಂದು ಗೋಣಿಚೀಲವನ್ನು ಮಡಚಿ ಹೊಲಿಸಿಕೊಂಡ. ಅತ್ತಿಗೆ, ಅಂದರೆ ನಮ್ಮ ವೈನಿ, ಅದನ್ನು ಪ್ರತಿ ಅಮಾವಾಸ್ಯೆಗೆ ತೊಳೆದು ಒಣಗಿಸುತ್ತಿದ್ದರು. ನಿಪ್ಪಾಣಿಯ ತಂಬಾಕನ್ನು ದವಡೆಯಲ್ಲಿ ಇಟ್ಟುಕೊಂಡು, ತೊಡೆಯ ಮೇಲೆ ಎರಡೂ ಕೈ ಊರಿ ಕೂತರೆ, ಎದುರಿಗೆ ಬಂದವರು ಟ್ರ್ಯಾಕ್ಟರಿಗಿಂತ ಮೊದಲು ಅವನಿಗೇ ನಮಸ್ಕಾರ ಹೇಳುತ್ತಿದ್ದರು.

ಅವನ ಕೀರ್ತಿ ಹಬ್ಬಿತು. ಹಂಗಾಮಿನಲ್ಲಿ ಅಕ್ಕಪಕ್ಕದವರು ಹಾರೆ, ಗುದ್ದಲಿ ಕೇಳಲು ಬರುವ ಹಾಗೆ ಕಾಕಾನನ್ನು ಕೇಳಲು ಬರುತ್ತಿದ್ದರು. ಪಕ್ಕದ ಹೊಲದವನದು ಅರ್ಧ ಮರಾಠಿ, ಅರ್ಧ ಕನ್ನಡ. ಬಾಗಿಲಲ್ಲಿ ನಿಂತು, "ಕಾಕಾ ಆಹೇತ ಕಾ ಮನ್ಯಾಗ? ಒಂದ ತಾಸ ಕಳಸ್ರಿ, ನಮ್ಮ ಗಾಡಿ ಮುಂದ ಭಾಳ ಹಗುರ ಆಗೈತ್ರಿ" ಎನ್ನುತ್ತಿದ್ದ. ಕಾಕಾ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದ. ಅವರ ಹೊಲದಲ್ಲಿ ಚಹಾ ಬಂದರೆ ಮೊದಲ ಕಪ್ಪು ಅವನಿಗೆ. ಅದನ್ನು ಮನೆಗೆ ಬಂದು ತಪ್ಪದೆ ಹೇಳುತ್ತಿದ್ದ.

ಇನ್ನು ನಮ್ಮ ಅಣ್ಣನ ತಪಾಸಣೆ ಬೇರೆ ಬಗೆಯದು. ಬೆಳಿಗ್ಗೆ ಎದ್ದು ಮೊದಲು ಸ್ಪೀಕರ್ ಪರೀಕ್ಷಿಸುತ್ತಿದ್ದ. ಬಳಿಕ ಕನ್ನಡಿಗೆ ಕಟ್ಟಿದ ಗೊಂಡೆ, ಮುಂದೆ ತೂಗುವ ನಿಂಬೆಹಣ್ಣು, ಮೆಣಸಿನಕಾಯಿ. ಹಿಂದಿನ ಟ್ರೇಲರಿನ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಬರೆಸಿದ 'ಅವ್ವನ ಆಶೀರ್ವಾದ'ವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಸ್ಪೀಕರಿನ ನಟ್ಟುಗಳನ್ನು ವಾರಕ್ಕೊಮ್ಮೆ ಬಿಗಿ ಮಾಡುತ್ತಿದ್ದ. ಚಕ್ರದ ನಟ್ಟುಗಳು ತಮ್ಮಷ್ಟಕ್ಕೆ ತಾವು ಇದ್ದವು. ಹಾಡು ಬರುತ್ತಿದೆ ಎಂದರೆ ಗಾಡಿ ಚೆನ್ನಾಗಿದೆ ಎಂಬುದು ಅವನ ನಂಬಿಕೆ. ನಾನು ರವಿವಾರ ಊರಿಗೆ ಹೋದಾಗ ಬೈಯುತ್ತಿದ್ದೆ. ಬ್ರೇಕಿನ ಬಗ್ಗೆ ಬೈಯುತ್ತಿದ್ದೆ, ಗಾಳಿಯ ಬಗ್ಗೆ ಬೈಯುತ್ತಿದ್ದೆ. ಕಾಕಾ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಒಂದೇ ಸಲ ಮೆಲ್ಲಗೆ ಹೇಳಿ ನೋಡಿದ್ದೆ. "ನಿನ್ನ ಪುಸ್ತಕದಾಗ ಏರ ಇಲ್ಲೇನಪಾ?" ಎಂದು ಕಾಕಾ ಕೇಳಿದ್ದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹೋದ ವರ್ಷ ಕಾಕಾಗೆ ಸಕ್ಕರೆ ಕಾಯಿಲೆ ಬಂತು. ಅಥಣಿಯ ಡಾಕ್ಟರು ಭಾರ ಇಳಿಸಬೇಕು ಎಂದರು. ಯಾರ ಮಾತನ್ನೂ ಕೇಳದ ಕಾಕಾ ಡಾಕ್ಟರ ಮಾತು ಕೇಳಿದ. ಬೆಳಿಗ್ಗೆ ಹೊಳೆಯ ತನಕ ನಡೆದು ಬರುತ್ತಿದ್ದ, ಎರಡು ರೊಟ್ಟಿಗೆ ಕೈ ತೊಳೆಯುತ್ತಿದ್ದ. ಕೆಲವೇ ತಿಂಗಳಲ್ಲಿ ಅಂಗಿ ಜೋತುಬಿದ್ದು, ವೈನಿ ಎರಡೂ ಬದಿಗೆ ಹೊಲಿಗೆ ಹಾಕಿ ಚಿಕ್ಕದು ಮಾಡಿದರು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಟ್ರ್ಯಾಕ್ಟರಿನ ಒಂದು ಮುಖ್ಯ ಭಾಗ ದಿನದಿನಕ್ಕೆ ಸವೆಯುತ್ತಿದೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ, ಸವೆತದ ಪಾಠ ಮಾಡುವ ನನಗೂ ಹೊಳೆಯಲಿಲ್ಲ.

ಹಂಗಾಮು ಶುರುವಾಯಿತು. ನಮ್ಮ ಹೊಲದ ಕಬ್ಬು ಕಡಿದ ರವಿವಾರ ನಾನು ಊರಲ್ಲಿದ್ದೆ. ಅಂದು ಹಟ ಹಿಡಿದು ನಾನೇ ತಪಾಸಣೆ ಮಾಡಿದೆ. ಸಡಿಲವಾಗಿದ್ದ ಬ್ರೇಕು ಸರಿ ಮಾಡಿದೆ, ಎರಡೂ ಪೆಡಲ್ ಕೂಡಿಸಿ ಕೊಂಡಿ ಹಾಕಿದೆ, ನಟ್ಟು ಬಿಗಿ ಮಾಡಿದೆ, ಗಾಳಿ ನೋಡಿದೆ.

"ಏನ ಮಾಸ್ತರ್ರ, ನಮ್ಮ ಗಾಡಿ ಪಾಸೋ ನಪಾಸೋ?" ಅಣ್ಣ ಕೆಣಕಿದ.

"ಪಾಸ್" ಎಂದೆ, ಕೈಗೆ ಹತ್ತಿದ ಗ್ರೀಸನ್ನು ದೊಡ್ಡಸ್ತಿಕೆಯಿಂದ ಒರೆಸಿಕೊಳ್ಳುತ್ತ.

ಹೊಲದಲ್ಲಿ ಟ್ರೇಲರ್ ತುಂಬಿದವು. ಕಾಕಾ ಚೀಲ ಹಾಸಿದ. ಬಂಪರ್ ಏರಲು ನಾನೇ ಕೈ ಕೊಟ್ಟೆ. ಹಿಂದಿನ ವರ್ಷ ಅವನನ್ನು ಎತ್ತಲು ಎರಡೂ ಕೈ ಬೇಕಾಗುತ್ತಿತ್ತು, ಈ ಸಲ ಒಂದೇ ಕೈಗೆ ಬಂದ. "ಹಗುರ ಆಗೀಯಲ್ಲ ಕಾಕಾ!" ಎಂದು ಖುಷಿಯಿಂದ ಹೇಳಿದೆ. ಆ ಮಾತು ಇವತ್ತಿಗೂ ನನ್ನನ್ನು ಸುಡುತ್ತದೆ.

ಏರಿನ ಅರ್ಧಕ್ಕೆ ಹೋಗುವಷ್ಟರಲ್ಲಿ ಮುಂದಿನ ಗಾಲಿಗಳು ಎದ್ದವು. ಕಾಕಾ ಕೂತಲ್ಲೇ ಮೇಲೇರಿದ. ಅವನು ಕೂಗಲಿಲ್ಲ, ಇನ್ನೂ ಒತ್ತಿ ಕೂರಲು ನೋಡಿದ. ಅಣ್ಣ ಕ್ಲಚ್ ತುಳಿದ. ಎದ್ದ ಮುಂಭಾಗ ಧಡ್ಡೆಂದು ನೆಲಕ್ಕೆ ಬಿತ್ತು, ಕಾಕಾ ಪಕ್ಕದಲ್ಲಿದ್ದ ರವದಿಯ, ಅಂದರೆ ಕಬ್ಬಿನ ಒಣಗರಿಯ, ರಾಶಿಗೆ ಎಗರಿ ಬಿದ್ದ. ಗಾಡಿ ಕಬ್ಬಿನ ಭಾರಕ್ಕೆ ಎರಡು ಮಾರು ಹಿಂದೆ ಜಾರಿತು, ಬ್ರೇಕು ಹಿಡಿದು ನಿಂತಿತು. ಮುಂದಿನ ಗಾಲಿ ಬಿದ್ದದ್ದು ಅವನ ಗೋಣಿಚೀಲದ ಮೇಲೆ. ಚೀಲದಿಂದ ಅವನ ಕಾಲಿಗೆ ಒಂದು ಗೇಣೂ ಅಂತರವಿರಲಿಲ್ಲ.

ನಾನು ಓಡಿಹೋಗಿ ಎತ್ತಿದೆ. ಹೆಗಲಿನ ಮೂಳೆ ಮುರಿದಿತ್ತು. ಕಾಕಾ ನನ್ನ ಮುಖ ನೋಡಿ ಮೊದಲು ಆಡಿದ ಮಾತು ಇದು: "ತಪ್ಪ ನಂದ ಐತೆಪಾ. ಭಾರ ಕಮ್ಮಿ ಆಗೈತಿ ಅಂತ ನಿಮಗ ಮೊದಲ ಹೇಳಬೇಕಾಗಿತ್ತು ನಾ."

ತಪ್ಪು ಒಪ್ಪಿಕೊಳ್ಳಬೇಕಾದವನು ನಾನು. ಆದರೆ ನಾನು "ಸುಮ್ನಿರು ಕಾಕಾ" ಎಂದಷ್ಟೇ ಹೇಳಿದೆ.

ದವಾಖಾನೆಯಿಂದ ಕೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಬಂದವನು ಊಟಕ್ಕೆ ಕೂತ. ಎರಡು ರೊಟ್ಟಿ ಮುಗಿದ ಮೇಲೆ ತಾಟು ಮುಂದೆ ಸರಿಸಿ, "ಇನ್ನೆರಡ ಹಾಕ. ಹಂಗಾಮ ಇನ್ನೂ ಭಾಳ ಐತಿ" ಎಂದ. ರೊಟ್ಟಿ ಹಿಡಿದ ವೈನಿಯ ಕೈ ಅಲ್ಲೇ ನಿಂತಿತು. ಅಣ್ಣ ತಲೆ ತಗ್ಗಿಸಿದ.

ಮರುದಿನ ನಾನು ರಜೆ ಹಾಕಿ ಚಿಕ್ಕೋಡಿಯಿಂದ ಕಬ್ಬಿಣದ ತೂಕಗಳನ್ನು ತಂದು ಟ್ರ್ಯಾಕ್ಟರಿನ ಮುಂದೆ ಬೋಲ್ಟ್ ಹಾಕಿ ಬಿಗಿದೆ. ಹೇರುವ ಕಬ್ಬನ್ನೂ ಕಡಿಮೆ ಮಾಡುವುದಾಗಿ ಅಣ್ಣನಿಂದ ಮಾತು ತೆಗೆದುಕೊಂಡೆ. ಕಾಕಾ ಕಬ್ಬಿಣವನ್ನು ಎಡಗೈಯಿಂದ ಮುಟ್ಟಿ ಮುಟ್ಟಿ ನೋಡಿ, "ಚಲೋ ಆತ ಬಿಡು. ಇದು ಚಾ ಕೇಳೂದಿಲ್ಲ" ಎಂದ.

ಮುಂದಿನ ರವಿವಾರ ನಾನು ಮನೆಯಲ್ಲಿದ್ದಾಗಲೇ ಪಕ್ಕದ ಹೊಲದವನು ಬಂದು ಬಾಗಿಲಲ್ಲಿ ನಿಂತ. ಕಾಕಾನ ಕೈ ನೋಡಿ ಅಯ್ಯೋ ಎಂದ. ಹಿಂದೆಯೇ, "ಸುಮ್ನ ಕುಂದ್ರೂದಕ್ಕ ಕೈ ಯಾಕ ಬೇಕ್ರಿ? ಒಂದ ತಾಸ ಕಳಸ್ರಿ" ಎಂದ.

"ಬೇಕಾದರ ಕಬ್ಬಿಣ ಬಿಚ್ಚಿ ಒಯ್ಯಿರಿ" ಎಂದೆ.

"ಅದನ್ನ ಬಿಚ್ಚಿ ಹಾಕಾಕ ಯಾರಿಗೆ ಹೊತ್ತೈತ್ರಿ ಸರ? ಕಾಕಾ ಆದ್ರ ತಾನ ಏರತಾನ, ತಾನ ಇಳೀತಾನ."

ಹಿಂದೆ ತಿರುಗಿ ನೋಡಿದರೆ ಕಾಕಾ ಆಗಲೇ ಚಪ್ಪಲಿ ಮೆಟ್ಟಿದ್ದ. ಗಾಲಿಯ ಗುರುತು ಬಿದ್ದ ಚೀಲ ಕಂಕುಳಲ್ಲಿತ್ತು. ನಾನು ಅದನ್ನು ಕಸಿದುಕೊಂಡೆ. "ಕಾಕಾ ಎಲ್ಲಿಗೂ ಬರೂದಿಲ್ಲ" ಎಂದು ನನಗೇ ಅಚ್ಚರಿಯಾಗುವಷ್ಟು ಜೋರಾಗಿ ಹೇಳಿದೆ. ಬಂದವನು ಮುಖ ಸಿಂಡರಿಸಿಕೊಂಡು ಹೋದ.

ಚೀಲವನ್ನು ಮನೆಯ ಕಟ್ಟೆಯ ಮೇಲೆ ಹಾಸಿ, "ಇಲ್ಲಿ ಕುಂದ್ರು ಕಾಕಾ" ಎಂದೆ. ಅವನು ಕೂತ. ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಹಾಡು ಹಚ್ಚಿಕೊಂಡು ಹೋಗುವುದನ್ನು ಬಹಳ ಹೊತ್ತು ನೋಡಿದ.

"ಇಲ್ಲಿ ಕುಂತ ನಾ ಏನ ಒತ್ತಿ ಹಿಡೀಲಿ?" ಎಂದು ಕೇಳಿದ.

ವೈನಿ ಒಳಗಿನಿಂದ ಎಲ್ಲರಿಗೂ ಚಹಾ ತಂದರು. ಮೊದಲ ಕಪ್ಪನ್ನು ಅವನಿಗೆ ಕೊಟ್ಟರು.