ಕೆಮಾಲನ ಮೂರು ಕ್ಯಾಸೆಟ್

ಎಲ್ ಸೆಗುಂಡೋದಿಂದ ಸ್ಯಾನ್ ಡಿಯಾಗೋಗೆ ಮೀಟಿಂಗಿಗೆ ಹೊರಟಿದ್ದೆವು. ಡ್ರೈವ್ ಮಾಡುತ್ತಿದ್ದವನು ಸಹೋದ್ಯೋಗಿ ಕೆಮಾಲ್, ಟರ್ಕಿಯವನು. ಅವನು ಮೊದಲು ಹಾಕಿದ ಟರ್ಕಿಶ್ ಜಾನಪದದ ಕ್ಯಾಸೆಟ್ಟಿಗೆ ನಾನು ಮರ್ಯಾದೆಗೆ ತಲೆದೂಗಿದೆ. ಎರಡನೆಯದರಲ್ಲಿ ಗಾಯಕ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಕೆಮಾಲನ ಕಣ್ಣೂ ಒದ್ದೆಯಾಯಿತು.

"ಯಾರು ತೀರಿಕೊಂಡರು?" ಅಂತ ಕೇಳಿದೆ.

"ಯಾರೂ ಇಲ್ಲ. ಅವನ ಹುಡುಗಿ ಟೀ ಕುಡಿಯೋಕೆ ಬರಲಿಲ್ಲ, ಅಷ್ಟೇ."

ಮೂರನೆಯದು ರಾಕ್. ಅದು ನನ್ನನ್ನು ಹಿಡಿದೇಬಿಟ್ಟಿತು. ನಾನು ಡ್ಯಾಶ್‌ಬೋರ್ಡ್ ಬಡಿದೆ, ಅವನು ಗಂಟಲು ಹರಿಯುವಂತೆ ಹಾಡಿದ. ಕಣ್ಣೆತ್ತಿದರೆ ಎದುರಿಗೆ ಬೋರ್ಡು: ಅಮೆರಿಕದ ಕೊನೆಯ ಎಕ್ಸಿಟ್. ಸ್ಯಾನ್ ಡಿಯಾಗೋ ಯಾವಾಗಲೋ ಹಿಂದೆ ಹೋಗಿತ್ತು, ಅದರಾಚೆ ಮೆಕ್ಸಿಕೋ! ದಾಟಿದರೆ ವಾಪಸ್ ಬರಲು ಬೇಕಾದ ಪಾಸ್‌ಪೋರ್ಟು ಇಬ್ಬರದೂ ಮನೆಯಲ್ಲಿ.

"ಬಲಕ್ಕೆ, ಬಲಕ್ಕೆ!" ಅಂತ ಕನ್ನಡದಲ್ಲೇ ಕಿರುಚಿದೆ. ಹೇಗೆ ಅರ್ಥವಾಯಿತೋ, ತಿರುಗಿಸಿದ.

ಯಾಕೆ ಲೇಟು ಅಂತ ಮ್ಯಾನೇಜರ್ ಕೇಳಿದಾಗ ಇಬ್ಬರೂ ಒಟ್ಟಿಗೇ "ಟ್ರಾಫಿಕ್" ಅಂದೆವು. ಪುಣ್ಯಾತ್ಮ ನಂಬಿದ. ಕ್ಯಾಲಿಫೋರ್ನಿಯಾದಲ್ಲಿ ಆ ಒಂದು ಸುಳ್ಳಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ.