ಸೆರೋಪನ ಹಳದಿ ಜೋಡು

ಇಸ್ತಾಂಬುಲಿನ ನಮ್ಮ ಬೀದಿಯಲ್ಲಿ, ನನ್ನ ಕಾಫಿ ಅಂಗಡಿಗೆ ಅಂಟಿಕೊಂಡೇ ಇದೆ ಅರ್ಮೇನಿಯನ್ ಸೆರೋಪನ ಅಂಗಡಿ. ಮುದುಡಿದ ಕೆಂಪು ಟೋಪಿಗಳನ್ನು ಕಾದ ಹಿತ್ತಾಳೆ ಅಚ್ಚಿಗೆ ಹಾಕಿ ನೆಟ್ಟಗೆ ಮಾಡಿಕೊಡುವುದು ಅವನ ಕಸುಬು. ಮುಸ್ಲಿಮರದು, ಯೆಹೂದಿಗಳದು, ತನ್ನವರಾದ ಕ್ರೈಸ್ತರದು, ಎಲ್ಲವೂ ಅದೇ ಅಚ್ಚಿಗೆ. “ಎಲ್ಲರೂ ಸಮ ಅಂತ ಸುಲ್ತಾನರೇ ಅಂದ್ಬಿಟ್ರಲ್ಲೋ, ಇನ್ನೇನು ಭಯ ನಿಂಗೆ?” ಎಂದು ನಾನು ಛೇಡಿಸಿದರೆ, “ಮೆತ್ತಗೆ ಮಾತಾಡಣ್ಣ, ಗೋಡೆ ತೆಳ್ಳಗಿದೆ” ಎನ್ನುತ್ತಾನೆ, ಆ ಗೋಡೆಯಾಚೆ ಇರುವುದು ನನ್ನದೇ ಅಂಗಡಿ. ಇಲ್ಲಿನ ಕ್ರೈಸ್ತರನ್ನು ಕಾಯುತ್ತೇವೆಂದು ಬಂದರಿಗೆ ಫ್ರೆಂಚರ ಯುದ್ಧನೌಕೆ ಬಂತೆಂದರೆ ಅವನ ಜನ ನೋಡಲು ಓಡುತ್ತಾರೆ, ಇವನು ಮಾತ್ರ ಬಾಗಿಲು ಅರ್ಧ ಮುಚ್ಚುತ್ತಾನೆ. “ನಮ್ಮ ಪರವಾಗಿ ಬಂದಿದ್ದಾರಂತೆ! ಅವರು ನಾಳೆ ಹಡಗು ಬಿಟ್ಕೊಂಡು ಹೋಗ್ತಾರೆ, ನಾನೆಲ್ಲಿಗೆ ಹೋಗ್ಲಿ?” ಹಳದಿ ಜೋಡು ಮೆಟ್ಟುವ ಹಕ್ಕು ಹಿಂದೆ ನಮ್ಮ ಮುಸ್ಲಿಮರಿಗಷ್ಟೇ ಇತ್ತು, ಅವನ ಜನಕ್ಕೆ ಕೆಂಪು. ಆ ಕಟ್ಟಳೆ ತೆಗೆದ ವಾರವೇ ಸೆರೋಪ್ ಆಸೆಪಟ್ಟು ಹಳದಿ ಜೋಡು ಕೊಂಡ. ಆದರೆ ಅದನ್ನು ಮೆಟ್ಟುವುದು ಅಂಗಡಿಯೊಳಗೆ ಮಾತ್ರ. ಬೀದಿಗಿಳಿಯುವ ಮುನ್ನ ಬಿಚ್ಚಿಟ್ಟು, ಹಳೆಯ ಕೆಂಪಿನದನ್ನೇ ಹಾಕಿಕೊಳ್ಳುತ್ತಾನೆ. ಹೋದ ಚಳಿಗಾಲ ಅವನ ಒಲೆಯ ಕಿಡಿ ಹಾರಿ ಮಾಡು ಹೊತ್ತಿಕೊಂಡಿತು. “ಹೊರಗೆ ಬಾರೋ!” ಎಂದು ನಾನು ಬಾಗಿಲಲ್ಲಿ ಅರಚುತ್ತಿದ್ದೆ. ಸೆರೋಪ್ ಬರಿಗಾಲಲ್ಲಿ, ಕೆಮ್ಮುತ್ತ, ಹೊಗೆಯಲ್ಲಿ ನೆಲ ತಡಕುತ್ತಿದ್ದ. “ತಡಿಯಣ್ಣ, ಬೀದಿ ತುಂಬ ಜನ ಇದ್ದಾರೆ. ಕೆಂಪಿನದು ಒಂದು ಸಿಕ್ತು, ಇನ್ನೊಂದು ಹುಡುಕ್ತಿದೀನಿ.”